ಖಾಲಿ ಸೈಟಿನ ಜನಗಣತಿ: ಕಾಂಗ್ರೆಸ್ ಗಿಡದ ಆರು ಅವಸ್ಥೆಗಳು

ಪಾರ್ಥೇನಿಯಂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಕಳೆ. ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಸಾಯುವುದಕ್ಕೆ ಇದಕ್ಕೆ ಕೆಲವೇ ತಿಂಗಳು ಸಾಕು. ಜನ ಇದನ್ನು ಕಾಂಗ್ರೆಸ್ ಗಿಡ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಕಾಂಗ್ರೆಸ್ ಕಸ. ತುದಿಯಲ್ಲಿ ತುಂಬಿಕೊಳ್ಳುವ ಬಿಳಿ ಹೂಗಳು ಗಾಂಧಿ ಟೋಪಿಯನ್ನು ನೆನಪಿಸುತ್ತವೆ ಎಂಬುದರಿಂದ ಆ ಹೆಸರು ಬಂತೆಂದು ಹೇಳುವುದುಂಟು. ಎಲೆ ಗಜ್ಜರಿಯ ಎಲೆಯಂತೆ ಕಾಣುವುದರಿಂದ ಹಿಂದಿಯಲ್ಲಿ ಇದು ಗಾಜರ್ ಘಾಸ್.

ಬೆಂಗಳೂರಿನ ಪೂರ್ವ ಅಂಚಿನ ಬ್ರೂಕ್‌ಫೀಲ್ಡ್‌ನಲ್ಲಿ ಈ ಗಿಡವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಎರಡು ಅಪಾರ್ಟ್‌ಮೆಂಟ್‌ಗಳ ನಡುವೆ ಮಾಲೀಕರು ಕಟ್ಟದೆ ಬಿಟ್ಟ ಸೈಟು, ಕುಂದಲಹಳ್ಳಿ ಕಡೆಯ ರಾಜಕಾಲುವೆಯ ದಂಡೆ, ಐಟಿಪಿಎಲ್ ರಸ್ತೆ ಬದಿಯ ಮಣ್ಣುಗುಡ್ಡೆ, ಫುಟ್‌ಪಾತ್ ಕಲ್ಲುಗಳ ಸಂದು, ಇವೆಲ್ಲ ಇದರ ವಾಸಸ್ಥಾನ. ಮಳೆಗಾಲದಲ್ಲಿ ಖಾಲಿ ಸೈಟು ಎದೆಮಟ್ಟ ಬೆಳೆದ ಗಿಡಗಳಿಂದ ತುಂಬುತ್ತದೆ. ಪಾಲಿಕೆಯವರೋ ನೆರೆಮನೆಯವರೋ ಒಂದು ದಿನ ಕತ್ತರಿಸಿ ಹಾಕುತ್ತಾರೆ. ಎರಡು ತಿಂಗಳು ಕಳೆದರೆ ಸೈಟು ಮತ್ತೆ ಮೊದಲಿನಂತೆ. ಕತ್ತರಿಸಿದಷ್ಟೂ ಬರುವ ಈ ಹಟಕ್ಕೆ ಕಾರಣ ಎದುರಿಗೆ ನಿಂತ ಗಿಡದಲ್ಲಿಲ್ಲ. ಅದು ಇರುವುದು ಗಿಡದ ವಯಸ್ಸಿನ ಹಂತಗಳಲ್ಲಿ, ಮತ್ತು ಒಂದೊಂದು ಹಂತದಲ್ಲಿ ಎಷ್ಟೆಷ್ಟು ಗಿಡಗಳಿವೆ ಎಂಬ ಲೆಕ್ಕದಲ್ಲಿ.

ಎಲ್ಲಿಂದ ಬಂತು

ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ನಾಡುಗಳು ಮತ್ತು ದಕ್ಷಿಣ ಅಮೆರಿಕದ ಕೆಲವು ಭಾಗ ಈ ಗಿಡದ ತವರು. ಪಾರ್ಥೇನಿಯಂ ಹಿಸ್ಟೆರೊಫೋರಸ್ ಎಂಬ ವೈಜ್ಞಾನಿಕ ಹೆಸರನ್ನು ಲಿನೇಯಸ್ 1753ರಲ್ಲಿ ಇಟ್ಟ. ಭಾರತದಲ್ಲಿ ಇದು ಕಳೆಯಾಗಿ ಹಬ್ಬುತ್ತಿರುವುದನ್ನು ಮೊದಲು ಗುರುತಿಸಿದ್ದು ಪುಣೆಯಲ್ಲಿ, 1955ರಲ್ಲಿ; ಸಸ್ಯವಿಜ್ಞಾನಿ ಆರ್. ಎಸ್. ರಾವ್ ಮರುವರ್ಷ ಆ ಬಗ್ಗೆ ಬರೆದರು. ಪಿಎಲ್-480 ಯೋಜನೆಯಡಿ ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜವೂ ಬಂತು ಎಂಬ ಮಾತು ಮನೆಮಾತಾಗಿದೆ. ಆದರೆ ಆ ಯೋಜನೆಯ ಮೊದಲ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ, ಪುಣೆಯಲ್ಲಿ ಗಿಡ ಕಂಡ ಮೇಲೆ. 1951ರಲ್ಲಿ ಸಾಲದ ರೂಪದಲ್ಲಿ ಅಮೆರಿಕದ ಗೋಧಿ ಬಂದಿದ್ದುಂಟು. ಅದಕ್ಕೂ ಹಿಂದೆ, 19ನೇ ಶತಮಾನದಲ್ಲೇ, ಈ ಗಿಡ ಭಾರತದಲ್ಲಿ ಇದ್ದುದಕ್ಕೆ ದಾಖಲೆಗಳಿವೆ. ಹಾಗಾಗಿ ಗೋಧಿ ಇದನ್ನು ಹೊಸದಾಗಿ ತಂದಿತೆನ್ನುವುದಕ್ಕಿಂತ, ಹೆಚ್ಚು ಬೀಜವನ್ನು ಹೆಚ್ಚು ಊರುಗಳಿಗೆ ಹಂಚಿರಬಹುದು ಎನ್ನುವುದು ಸರಿಯಾದೀತು.

ಕರ್ನಾಟಕದಲ್ಲಿ ಇದು ಎಷ್ಟು ಬೇಗ ಹಬ್ಬಿತೆಂದರೆ 1975ರಲ್ಲಿ ರಾಜ್ಯ ಸರ್ಕಾರ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಬೇಕಾಯಿತು. 1997ರ ಅಕ್ಟೋಬರ್‌ನಲ್ಲಿ ಪಾರ್ಥೇನಿಯಂ ನಿರ್ವಹಣೆ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಈ ನಾಡಿನಲ್ಲೇ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ.

ಬ್ರೂಕ್‌ಫೀಲ್ಡ್ ಸುತ್ತಿನ ಕುಂದಲಹಳ್ಳಿ, ತೂಬರಹಳ್ಳಿ, ಹೂಡಿ ಒಂದು ಕಾಲಕ್ಕೆ ಕೆರೆ, ತೋಪು, ರಾಗಿ ಹೊಲಗಳ ಊರುಗಳು. ರಾಗಿ ಹೊಲದಲ್ಲಿ ಪೈರಿನ ಸಾಲುಗಳ ನಡುವೆ ಕುಂಟೆ ಓಡುತ್ತಿತ್ತು. ಆಗಷ್ಟೇ ಹುಟ್ಟಿದ ಕಳೆಸಸಿಗಳು ಬೇರು ಮೇಲಾಗಿ ಬಿಸಿಲಿಗೆ ಬಾಡುತ್ತಿದ್ದವು. ಬದುಗಳಲ್ಲಿ ಗರಿಕೆ ಗಟ್ಟಿಯಾಗಿ ನೆಲ ಹಿಡಿದಿತ್ತು. ಲೇಔಟು ಬಂದಾಗ ಜೆಸಿಬಿ ಮೇಲ್ಮಣ್ಣನ್ನು ಕೆರೆದು ಗರಿಕೆಯನ್ನೂ ಬದುವನ್ನೂ ಒಟ್ಟಿಗೆ ತೆಗೆಯಿತು. ಉಳಿದದ್ದು ಬೋಳು ಕೆಮ್ಮಣ್ಣು. ಪಾರ್ಥೇನಿಯಂಗೆ ಬೇಕಾಗಿದ್ದೂ ಅದೇ: ಕೆದಕಿದ ನೆಲ, ತುಂಬು ಬಿಸಿಲು, ಪೈಪೋಟಿಗೆ ಯಾರೂ ಇಲ್ಲದ ಜಾಗ.

ಮೊದಲ ಅವಸ್ಥೆ: ಬೀಜ

ಗಿಡದ ಒಂದು "ಹೂ" ಎಂದು ಕಾಣುವುದು ನಿಜವಾಗಿ ಹಲವು ಸಣ್ಣ ಹೂಗಳ ಗೊಂಚಲು, ಸೇವಂತಿಗೆಯಲ್ಲಿ ಇರುವ ಹಾಗೆ. ಸುಮಾರು 4 ಮಿಲಿಮೀಟರ್ ಅಗಲದ ಈ ಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಬಿಳಿ ಮುದ್ದೆಯಂತೆ ಒತ್ತಾಗಿ ಕೂತ ಹತ್ತಾರು ಕಿರುಹೂಗಳು ಕಾಣುತ್ತವೆ. ಅವು ಗಂಡು, ಪರಾಗವನ್ನಷ್ಟೇ ಕೊಡುತ್ತವೆ. ಅಂಚಿನಲ್ಲಿ ಐದು ಮೂಲೆಗೆ ಐದು ಪುಟ್ಟ ಎಸಳುಗಳು ಇಣುಕುತ್ತವೆ. ಬೀಜ ಕಟ್ಟುವುದು ಎಸಳುಳ್ಳ ಆ ಐದು ಹೂಗಳು ಮಾತ್ರ. ಅಂದರೆ ಒಂದು ಗೊಂಚಲಿಗೆ ಹೆಚ್ಚೆಂದರೆ ಐದೇ ಬೀಜ.

ಐದು ಸಣ್ಣ ಸಂಖ್ಯೆ. ಆದರೆ ಚೆನ್ನಾಗಿ ಬೆಳೆದ ಗಿಡದಲ್ಲಿ ಗೊಂಚಲುಗಳು ಸಾವಿರಗಟ್ಟಲೆ. 3,000 ಗೊಂಚಲಿದ್ದರೆ 15,000 ಬೀಜ; ಒಂದೇ ಗಿಡ 25,000ಕ್ಕೂ ಹೆಚ್ಚು ಬೀಜ ಕೊಟ್ಟ ಉದಾಹರಣೆಗಳಿವೆ.

ಬೀಜ ಕಪ್ಪು, ಚಪ್ಪಟೆ, ಸುಮಾರು 2 ಮಿಲಿಮೀಟರ್ ಉದ್ದ. ಅದು ಒಂಟಿಯಾಗಿ ಉದುರುವುದಿಲ್ಲ. ಎರಡು ಪಕ್ಕಕ್ಕೆ ಒಣಗಿದ ಎರಡು ಗಂಡು ಹೂಗಳನ್ನು ಅಂಟಿಸಿಕೊಂಡೇ ಬೀಳುತ್ತದೆ. ಈ ಒಣಹೂಗಳು ಗಾಳಿಯಲ್ಲಿ ರೆಕ್ಕೆಯಂತೆ, ನೀರಿನಲ್ಲಿ ತೆಪ್ಪದಂತೆ ಕೆಲಸ ಮಾಡುತ್ತವೆ. ಹಾಗೆಂದು ಗಾಳಿ ಇದನ್ನು ಎಕ್ಕದ ಬೀಜದ ಹಾಗೆ ದೂರ ಒಯ್ಯುವುದಿಲ್ಲ. ಹೆಚ್ಚಿನ ಬೀಜ ಬೀಳುವುದು ತಾಯಿಗಿಡದ ಸುತ್ತಲೇ. ದೂರ ಹೋಗುವುದು ಹರಿಯುವ ನೀರಿನಲ್ಲಿ, ಚಕ್ರಕ್ಕೆ ಮೆತ್ತಿದ ಕೆಸರಿನಲ್ಲಿ, ದನದ ಗೊರಸಿನಲ್ಲಿ, ಲಾರಿಯ ಮಣ್ಣಿನಲ್ಲಿ.

ಉದುರಿದ ಬೀಜದ ಹೊದಿಕೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುತ್ತವೆ. ತುಂತುರು ಮಳೆಗೆ ಅವು ತೊಳೆದು ಹೋಗುವುದಿಲ್ಲ; ನೆಲ ನೆನೆಯುವಷ್ಟು ಮಳೆ ಬೇಕು. ಹೀಗಾಗಿ ಒಂದು ಸುಳ್ಳು ಮಳೆಗೆ ಬೀಜ ಮೋಸಹೋಗುವುದು ಕಡಿಮೆ. ಮೊಳಕೆಗೆ ಅತ್ಯಂತ ಹಿತವಾದ ಉಷ್ಣತೆ 22ರಿಂದ 25 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಮಳೆಗಾಲದ ಹವೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಎರಡನೆಯದು: ಸಸಿ

ಮೇ ತಿಂಗಳ ಗುಡುಗು ಮಳೆ ಒಂದೆರಡು ಬಾರಿ ಹದವಾಗಿ ಬಿದ್ದರೆ ಸಾಕು, ಕೆಲವೇ ದಿನಗಳಲ್ಲಿ ನೆಲ ಹಸಿರು ಚುಕ್ಕೆಗಳಿಂದ ತುಂಬುತ್ತದೆ. ಮೊದಲ ಎರಡು ಎಲೆಗಳು ನುಣುಪು, ರೋಮವಿಲ್ಲದವು. ಆಮೇಲೆ ಬರುವ ಎಲೆ ಚಮಚದಾಕಾರ. ಅದರ ನಂತರದವುಗಳಲ್ಲಿ ಅಂಚು ಸೀಳತೊಡಗುತ್ತದೆ. ಮೂರು ನಾಲ್ಕು ಎಲೆ ಬರುವವರೆಗೆ ಇದು ಕಾಂಗ್ರೆಸ್ ಗಿಡ ಎಂದು ಗುರುತು ಹಿಡಿಯುವುದು ಕಷ್ಟ.

ಮೊಳೆಯುವುದು ಮೇಲ್ಪದರದ ಬೀಜಗಳು. 5 ಸೆಂಟಿಮೀಟರಿಗಿಂತ ಆಳದಲ್ಲಿ ಹೂತ ಬೀಜದಿಂದ ಸಸಿ ಮೇಲೆ ಬರಲಾರದು. ಗಿಡದ ಇಡೀ ಬಾಳಿನಲ್ಲಿ ಸಾವು ಅತಿ ಹೆಚ್ಚು ಇರುವುದು ಈ ಅವಸ್ಥೆಯಲ್ಲಿ. ವಾರದೊಳಗೆ ಮತ್ತೆ ಮಳೆ ಬಾರದಿದ್ದರೆ ಸಸಿಗಳು ಒಣಗುತ್ತವೆ. ಒತ್ತಾಗಿ ಹುಟ್ಟಿದವು ಒಂದನ್ನೊಂದು ನೂಕಿ ಸಾಯುತ್ತವೆ.

ಮೂರನೆಯದು: ರೋಸೆಟ್

ಬದುಕುಳಿದ ಸಸಿ ಮೇಲೆ ಏಳುವುದಿಲ್ಲ, ಮೊದಲು ಅಗಲವಾಗುತ್ತದೆ. ಎಲೆಗಳು ಕಾಂಡವಿಲ್ಲದೆ, ನಡುವಿನ ಒಂದು ಬಿಂದುವಿನಿಂದ ಸುತ್ತಲೂ ಹರಡಿ ನೆಲಕ್ಕೆ ಅಂಟಿಕೊಳ್ಳುತ್ತವೆ. ಗುಲಾಬಿಯ ಎಸಳುಗಳ ಜೋಡಣೆಯಂತೆ ಕಾಣುವ ಈ ರೂಪಕ್ಕೆ ಸಸ್ಯಶಾಸ್ತ್ರದಲ್ಲಿ ರೋಸೆಟ್ ಎಂದು ಹೆಸರು. ಎಲೆ ಆಳವಾಗಿ ಸೀಳಿಕೊಂಡು ಮಾಚಿಪತ್ರೆಯನ್ನು ಹೋಲುತ್ತದೆ, ಗೇಣುದ್ದವೂ ಆಗಬಹುದು.

ನೆಲಕ್ಕೆ ಅಂಟಿದ ಈ ಎಲೆಗಳು ಅಡಿಯಲ್ಲಿರುವ ಬೇರೆ ಸಸಿಗಳಿಗೆ ಬಿಸಿಲು ಸಿಗದಂತೆ ಮಾಡುತ್ತವೆ. ತಾಯಿಬೇರು ಅಷ್ಟರಲ್ಲಿ ಕೆಳಗಿಳಿದು ನೀರು ಹುಡುಕಿಕೊಂಡಿರುತ್ತದೆ. ದನಕರುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಹಸಿವಿಗೆ ತಿಂದರೆ ಹಾಲು ಕಹಿಯಾಗುತ್ತದೆ. ಹುಲ್ಲನ್ನು ದನ ಮೇಯುತ್ತದೆ, ಕಾಂಗ್ರೆಸ್ ಗಿಡವನ್ನು ಬಿಡುತ್ತದೆ. ಮೇದ ಜಾಗವೂ ಇದರ ಪಾಲಾಗುತ್ತದೆ.

ಮಳೆ, ಬಿಸಿಲು ಎರಡೂ ಇದ್ದರೆ ರೋಸೆಟ್ ಕೆಲವೇ ವಾರಗಳ ಮಜಲು. ಚಳಿ ಅಥವಾ ನೀರಿನ ಕೊರತೆ ಇದ್ದರೆ ಗಿಡ ಈ ರೂಪದಲ್ಲೇ ಕಾಯುತ್ತದೆ. ನವೆಂಬರ್ ನಂತರ ಹುಟ್ಟಿದವು ಹಾಗೆ ಕಾದು ಕೂರುವುದುಂಟು.

ನಾಲ್ಕು, ಐದು, ಆರು: ಕಾಂಡ, ಹೂ, ಒಣಗು

ಮುಂದಿನದು ಒಮ್ಮೆಗೇ ಮೇಲೇಳುವ ಹಂತ. ರೋಸೆಟಿನ ನಡುವಿನಿಂದ ಗೀರುಗೀರಾದ, ಸಣ್ಣ ರೋಮಗಳಿರುವ ಕಾಂಡ ಎದ್ದು ಕವಲೊಡೆಯುತ್ತದೆ. ಎತ್ತರ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್. ಒಳ್ಳೆಯ ನೆಲದಲ್ಲಿ ಎರಡು ಮೀಟರ್ ಮುಟ್ಟುವುದೂ ಇದೆ. ಹುಟ್ಟಿದ ನಾಲ್ಕರಿಂದ ಆರು ವಾರಕ್ಕೆ ಮೊದಲ ಹೂ ಕಾಣಿಸಿಕೊಳ್ಳಬಹುದು. ಒಮ್ಮೆ ಶುರುವಾದರೆ ನೀರಿರುವವರೆಗೂ ಹೂ ಬಿಡುತ್ತಲೇ ಇರುತ್ತದೆ. ಒಂದೇ ಗಿಡದಲ್ಲಿ ಮೊಗ್ಗು, ಅರಳಿದ ಹೂ, ಮಾಗಿದ ಬೀಜ, ಬೀಜ ಉದುರಿ ಖಾಲಿಯಾದ ತೊಟ್ಟು ಎಲ್ಲವೂ ಒಟ್ಟಿಗೆ ಸಿಗುವುದು ಇದರಿಂದಲೇ.

ಗಿಡದ ಗಾತ್ರಕ್ಕೂ ಅದರ ವಯಸ್ಸಿಗೂ ನೇರ ಸಂಬಂಧವಿಲ್ಲ ಎಂಬುದು ಗಮನಿಸಬೇಕಾದ ಅಂಶ. ಕಾಂಪೌಂಡ್ ಪಕ್ಕದ ಹಸಿ ಮಣ್ಣಿನಲ್ಲಿ ಒಂಟಿಯಾಗಿ ಬೆಳೆದದ್ದು ಆಳೆತ್ತರದ ಪೊದೆಯಾಗುತ್ತದೆ. ಅದೇ ದಿನ ಹುಟ್ಟಿ, ಫುಟ್‌ಪಾತ್ ಸಂದಿಯಲ್ಲಿ ಸಿಕ್ಕಿಕೊಂಡದ್ದು ಗೇಣುದ್ದವಿರುವಾಗಲೇ ನಾಲ್ಕು ಹೂ ಬಿಟ್ಟು ಬೀಜ ಉದುರಿಸುತ್ತದೆ. ಸೊರಗಿದ ಗಿಡವೂ ಸಂತಾನ ಉಳಿಸಿಯೇ ಸಾಯುತ್ತದೆ.

ಕೊನೆಯ ಅವಸ್ಥೆಯಲ್ಲಿ ಎಲೆ ಹಳದಿಯಾಗಿ, ಕಾಂಡ ಕಂದು ಬಣ್ಣಕ್ಕೆ ತಿರುಗಿ, ಗಿಡ ನಿಂತಲ್ಲೇ ಒಣಗುತ್ತದೆ. ಮೊಳಕೆಯಿಂದ ಇಲ್ಲಿಗೆ ಸಾಮಾನ್ಯವಾಗಿ ನಾಲ್ಕು ತಿಂಗಳು. ಹವೆ ನೋಡಿಕೊಂಡು ಹೆಚ್ಚುಕಡಿಮೆಯೂ ಆಗಬಹುದು. ನೀರು ಸಿಗುವ ಕಾಲುವೆ ದಂಡೆಯಂಥ ಜಾಗದಲ್ಲಿ ವರ್ಷಕ್ಕೆ ಮೂರು ನಾಲ್ಕು ತಲೆಮಾರುಗಳು ಮುಗಿಯುತ್ತವೆ.

ಗಿಡಗಳ ಜನಗಣತಿ

ಒಂದು ಊರಿನ ಜನಸಂಖ್ಯೆ ಎಷ್ಟೆಂದರೆ ಸಾಲದು; ಅದರಲ್ಲಿ ಮಕ್ಕಳೆಷ್ಟು, ದುಡಿಯುವವರೆಷ್ಟು, ಮುದುಕರೆಷ್ಟು ಎಂದು ತಿಳಿದರೆ ಮಾತ್ರ ಆ ಊರಿನ ಮುಂದಿನ ದಿನಗಳನ್ನು ಅಂದಾಜು ಮಾಡಬಹುದು. ಗಿಡಗಳಿಗೂ ಇದೇ ಲೆಕ್ಕ ಹೊಂದುತ್ತದೆ. ಹಲವು ಗಿಡಗಳ ವಯಸ್ಸನ್ನು ವರ್ಷದಲ್ಲಿ ಅಳೆಯಲಾಗದು, ಅಳೆದರೂ ಹೆಚ್ಚು ಅರ್ಥವಿಲ್ಲ. ಹಾಗಾಗಿ ವರ್ಷದ ಬದಲು ಬಾಳಿನ ಅವಸ್ಥೆಯನ್ನೇ ಅಳತೆಗೋಲು ಮಾಡುವ ಪದ್ಧತಿಯನ್ನು ಸೋವಿಯತ್ ಸಸ್ಯವಿಜ್ಞಾನಿ ರಬೋಟ್ನೋವ್ 1950ರಲ್ಲಿ ಹುಲ್ಲುಗಾವಲಿನ ಸಸ್ಯಗಳ ಅಧ್ಯಯನದಲ್ಲಿ ಕಟ್ಟಿಕೊಟ್ಟರು. ಬೀಜ, ಸಸಿ, ಎಳೆಯ ಗಿಡ, ಹೂ ಬಿಡುವ ಗಿಡ, ಮುಪ್ಪಾದ ಗಿಡ ಎಂದು ಬೇರ್ಪಡಿಸಿ, ಒಂದು ನಿಗದಿತ ಜಾಗದಲ್ಲಿ ಪ್ರತಿಯೊಂದೂ ಎಷ್ಟಿದೆ ಎಂದು ಎಣಿಸುವುದು ಈ ಪದ್ಧತಿ.

ಎಣಿಕೆಯಿಂದ ಮೂರು ಬಗೆಯ ಚಿತ್ರ ಸಿಗುತ್ತದೆ. ಎಳೆಯವೇ ತುಂಬಿದ್ದು ಹೂ ಬಿಡುವವು ಇನ್ನೂ ಇಲ್ಲದಿದ್ದರೆ ಅದು ಹೊಸದಾಗಿ ನೆಲ ಹಿಡಿಯುತ್ತಿರುವ ಸಮುದಾಯ. ಎಲ್ಲ ಅವಸ್ಥೆಗಳೂ ಇದ್ದರೆ ತನ್ನ ಬಲದ ಮೇಲೆ ನಿಂತ ಸಮುದಾಯ. ಮುದಿಗಿಡಗಳಷ್ಟೇ ಉಳಿದು ಸಸಿಗಳಿಲ್ಲದಿದ್ದರೆ ಅಳಿವಿನ ದಾರಿಯಲ್ಲಿರುವ ಸಮುದಾಯ.

ಈ ಅಳತೆಗೋಲನ್ನು ಬ್ರೂಕ್‌ಫೀಲ್ಡ್‌ನ ಒಂದು ಖಾಲಿ ಸೈಟಿಗೆ ಹಿಡಿದರೆ ಚಿತ್ರ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಜೂನ್ ಮೊದಲ ವಾರದಲ್ಲಿ ನೆಲದ ಮೇಲೆ ಬರೀ ಸಸಿಗಳು; ಮೊದಲ ಬಗೆಯ ಸಮುದಾಯ. ಜುಲೈ ಕೊನೆಗೆ ಮೇ ಮಳೆಯ ಗಿಡಗಳು ಹೂವಾಗಿರುತ್ತವೆ, ಜೂನ್ ಮಳೆಯವು ರೋಸೆಟ್ ಆಗಿರುತ್ತವೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆಗ ಸಸಿಯಿಂದ ಒಣಗಿದ ಗಿಡದವರೆಗೆ ಎಲ್ಲವೂ ಒಂದೇ ಸೈಟಿನಲ್ಲಿ ಇರುತ್ತವೆ. ಫೆಬ್ರವರಿಯಲ್ಲಿ ಹೆಚ್ಚುಕಡಿಮೆ ಕಂದು ಕಡ್ಡಿಗಳಷ್ಟೇ. ನೆಲದ ಮೇಲಿನ ಎಣಿಕೆಯನ್ನಷ್ಟೇ ನಂಬಿದರೆ ಇದು ಅಳಿವಿನಂಚಿನ ಸಮುದಾಯ!

ಲೆಕ್ಕ ತಪ್ಪುವುದು ಇಲ್ಲೇ. ಬಹುವಾರ್ಷಿಕ ಗಿಡಗಳಲ್ಲಿ ಕಾಯುವ ಕೆಲಸವನ್ನು ನೆಲದ ಮೇಲಿನ ಎಳೆಯ ಗಿಡ ಮಾಡುತ್ತದೆ. ರಷ್ಯಾ ಮತ್ತು ಪೂರ್ವ ಯುರೋಪಿನಲ್ಲಿ ಪೀಡೆಯಾಗಿ ಹಬ್ಬಿರುವ ಸೊಸ್ನೊವ್ಸ್ಕಿ ಹೆರಾಕ್ಲಿಯಂ ಎಂಬ ಕಾಕಸಸ್ ಮೂಲದ ದೈತ್ಯ ಗಿಡ ಕೆಲವು ವರ್ಷ ಎಲೆಗಳಾಗಿಯೇ ಉಳಿದು, ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಅದರ ಸಮುದಾಯವನ್ನು ಎಣಿಸಲು ಕಣ್ಣಿಗೆ ಕಾಣುವ ಗಿಡಗಳಿಂದ ತಕ್ಕಮಟ್ಟಿನ ಉತ್ತರ ಸಿಗುತ್ತದೆ. ಪಾರ್ಥೇನಿಯಂ ಹಾಗಲ್ಲ. ಅದು ಕಾಯುವುದು ಮಣ್ಣಿನೊಳಗೆ, ಬೀಜವಾಗಿ. ಅದರ ಜನಸಂಖ್ಯೆಯ ಬಹುಪಾಲು ಯಾವಾಗಲೂ ನೆಲದಡಿಯಲ್ಲೇ ಇರುತ್ತದೆ.

ನೆಲದಡಿಯ ಭಂಡಾರ

ಮಣ್ಣಿನಲ್ಲಿ ಜೀವಂತವಾಗಿ ಉಳಿದಿರುವ ಬೀಜಗಳ ಒಟ್ಟು ಸಂಗ್ರಹವನ್ನು ಬೀಜಭಂಡಾರ ಎನ್ನಬಹುದು. ಈ ಕಳೆಯಿಂದ ಬಹಳ ನೊಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಎರಡು ಜಾಗಗಳಲ್ಲಿ ಮಣ್ಣು ಜರಡಿ ಹಿಡಿದು ಎಣಿಸಿದಾಗ ಒಂದು ಕಡೆ ಚದರ ಮೀಟರಿಗೆ 3,282ರಿಂದ 5,094, ಇನ್ನೊಂದು ಕಡೆ 20,500ರಿಂದ 44,700 ಬೀಜಗಳು ಸಿಕ್ಕವು. ಅದೇ ಪ್ರಮಾಣವನ್ನು ಬೆಂಗಳೂರಿನ 30/40 ಸೈಟಿಗೆ, ಅಂದರೆ ಸುಮಾರು 111 ಚದರ ಮೀಟರಿಗೆ ಗುಣಿಸಿ ನೋಡಿದರೆ ಕಡಿಮೆಯೆಂದರೂ ಮೂರೂವರೆ ಲಕ್ಷ, ಹೆಚ್ಚೆಂದರೆ 50 ಲಕ್ಷದ ಹತ್ತಿರ. ಸೈಟಿನ ಮೇಲೆ ನಿಂತ ಗಿಡಗಳು ನೂರಿರಲಿ ಸಾವಿರವಿರಲಿ, ಈ ಸಂಖ್ಯೆಯ ಮುಂದೆ ಅವು ಚಿಲ್ಲರೆ.

ಭಂಡಾರದಲ್ಲಿ ಬೀಜ ಎಷ್ಟು ಕಾಲ ಬಾಳುತ್ತದೆ ಎಂಬುದು ಅದು ಎಷ್ಟು ಆಳದಲ್ಲಿದೆ ಎನ್ನುವುದರ ಮೇಲೆ ನಿಂತಿದೆ. ಮೇಲ್ಮೈಯಲ್ಲಿ ಬಿದ್ದದ್ದು ಒಂದೋ ಬೇಗ ಮೊಳೆಯುತ್ತದೆ, ಇಲ್ಲವೇ ಬೇಗ ಸಾಯುತ್ತದೆ. ಒಂದು ಪ್ರಯೋಗದಲ್ಲಿ 5 ಸೆಂಟಿಮೀಟರ್ ಆಳದಲ್ಲಿ ಹೂತಿಟ್ಟ ಬೀಜಗಳಲ್ಲಿ ಎರಡು ವರ್ಷದ ನಂತರವೂ ನಾಲ್ಕರಲ್ಲಿ ಸುಮಾರು ಮೂರು ಪಾಲು ಜೀವಂತವಿದ್ದವು. ಆ ಪ್ರಯೋಗದ ಅಂದಾಜಿನಂತೆ ಹೂತ ಬೀಜಗಳ ಸಂಖ್ಯೆ ಅರ್ಧಕ್ಕಿಳಿಯಲು ಆರು ವರ್ಷ ಬೇಕು. ಒಂದು ಲಕ್ಷ ಬೀಜ ಹೂತಿದ್ದರೆ, ಹೊಸದು ಒಂದೂ ಸೇರದಿದ್ದರೂ, 12 ವರ್ಷದ ಮೇಲೆ 25,000 ಉಳಿದಿರುತ್ತವೆ.

ಸೈಟಿಗೆ ಪಾಯ ತೆಗೆಯಲು ಬಂದ ಜೆಸಿಬಿ ಈ ಆಳದ ಬೀಜವನ್ನು ಮೇಲಕ್ಕೆ ತರುತ್ತದೆ. ಅಗೆದ ಮಣ್ಣು ಟಿಪ್ಪರ್ ಲಾರಿಯಲ್ಲಿ ಹೋಗಿ ಇನ್ನೊಂದು ತಗ್ಗು ಸೈಟನ್ನು ತುಂಬುತ್ತದೆ. ಅಲ್ಲಿ ಅದುವರೆಗೆ ಒಂದು ಗಿಡವೂ ಇಲ್ಲದಿದ್ದರೂ ಮುಂದಿನ ಮಳೆಗೆ ಸಸಿಗಳು ತುಂಬುತ್ತವೆ. 2023ರಲ್ಲಿ ಮೆಟ್ರೊ ಓಡತೊಡಗುವವರೆಗೆ, ಅದರ ನಂತರವೂ ಕಟ್ಟಡ ಕೆಲಸ ನಿಲ್ಲದ ಈ ಪ್ರದೇಶದಲ್ಲಿ ಮಣ್ಣು ಒಂದೆಡೆ ನಿಂತದ್ದೇ ಇಲ್ಲ. ಬೀಜಭಂಡಾರವೂ ಅದರ ಜೊತೆ ಪ್ರಯಾಣ ಮಾಡಿದೆ.

ಸಂಖ್ಯೆ ಹೆಚ್ಚಾದರೆ ಏನಾಗುತ್ತದೆ

ಅಲ್ಲೊಂದು ಇಲ್ಲೊಂದು ಗಿಡವಿದ್ದರೆ ದೊಡ್ಡ ತೊಂದರೆಯಿಲ್ಲ. ತೊಂದರೆ ಹುಟ್ಟುವುದು ಹೂ ಬಿಡುವ ಅವಸ್ಥೆಯ ಗಿಡಗಳು ಒಟ್ಟಿಗೆ ಸಾವಿರಗಟ್ಟಲೆ ಆದಾಗ. ಒಂದು ಗಿಡ 62 ಕೋಟಿಗೂ ಹೆಚ್ಚು ಪರಾಗಕಣಗಳನ್ನು ಕೊಡಬಲ್ಲದು ಎಂಬ ಅಂದಾಜಿದೆ. ಗಿಡದ ಮೈಯಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಗುಲಿ ಕೆಲವರಲ್ಲಿ ತುರಿಕೆ, ಊತ, ಕೈ-ಮುಖ-ಕತ್ತಿನ ಚರ್ಮ ದಪ್ಪವಾಗಿ ಬಿರುಕು ಬಿಡುವಂಥ ತೊಂದರೆ ತರುತ್ತದೆ. ಪರಾಗ ಮೂಗು ಸೇರಿ ಸೀನು, ನೆಗಡಿ ತರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಅಲರ್ಜಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದರ ಪ್ರಕಾರ ನಗರದ ಜನರಲ್ಲಿ ಸುಮಾರು ಶೇ 7 ಮಂದಿಗೆ ಇದರ ಪರಾಗದಿಂದ ಮೂಗಿನ ಅಲರ್ಜಿ ಇತ್ತು.

ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ ಇನ್ನೊಂದು ಸಂಗತಿ ಕಂಡುಹಿಡಿದರು. ಗಿಡದ ಬೇರು ಸುತ್ತಲಿನ ಸಸ್ಯಗಳ ಬೆಳವಣಿಗೆ ಕುಗ್ಗಿಸುವ ವಸ್ತುಗಳನ್ನು ಮಣ್ಣಿಗೆ ಬಿಡುತ್ತದೆ. ಪರಾಗವೂ ಅಂಥದೇ ಕೆಲಸ ಮಾಡುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿಯಂಥ ಬೆಳೆಗಳ ಹೂವಿನ ಮೇಲೆ ಈ ಪರಾಗ ಬಿದ್ದರೆ ಕಾಯಿ ಕಟ್ಟುವುದೇ ಕಡಿಮೆಯಾಗುತ್ತದೆ. 1979-80ರ ಹೊತ್ತಿಗೆ ಪ್ರಕಟವಾದ ಈ ಶೋಧನೆ ಪರಾಗವೂ ಬೇರೆ ಗಿಡಕ್ಕೆ ಕೇಡು ಮಾಡಬಲ್ಲದೆಂಬ ಹೊಸ ತಿಳಿವನ್ನು ಲೋಕಕ್ಕೆ ಕೊಟ್ಟಿತು.

ಪರಾಗದ ಮೇಲೆ ಸವಾರಿ ಮಾಡುವ ಇನ್ನೊಂದು ಕೇಡು ತಂಬಾಕು ಗೆರೆ ವೈರಸ್. ಪಾರ್ಥೇನಿಯಂ ಗಿಡಕ್ಕೆ ಈ ವೈರಸ್ಸಿನಿಂದ ಯಾವ ಬಾಧೆಯೂ ಕಾಣುವುದಿಲ್ಲ. ಅದರ ಪರಾಗವನ್ನು ಥ್ರಿಪ್ಸ್ ಕೀಟಗಳು ಪಕ್ಕದ ಹೊಲಕ್ಕೆ ಒಯ್ದಾಗ ಬೆಳೆ ಸಾಯುತ್ತದೆ. 1997ರಲ್ಲಿ ಬಾಗೇಪಲ್ಲಿ ಬಳಿ ಸೂರ್ಯಕಾಂತಿಯಲ್ಲಿ ಕಂಡ ಒಣಗು ರೋಗ, 2000ದಲ್ಲಿ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾ ಬೆಳೆಯನ್ನು ಕೆಡಿಸಿ 300 ಕೋಟಿ ರೂಪಾಯಿಗೂ ಮಿಕ್ಕಿ ನಷ್ಟ ತಂದ ರೋಗ, ಎರಡರ ಹಿಂದೆಯೂ ಇದೇ ವೈರಸ್ ಇತ್ತು.

ಯಾವ ಅವಸ್ಥೆಯಲ್ಲಿ ತಡೆಯಬೇಕು

ಹತೋಟಿಯ ಎಲ್ಲ ಉಪಾಯಗಳನ್ನೂ ಒಂದೇ ಪ್ರಶ್ನೆಯಿಂದ ಒರೆಗೆ ಹಚ್ಚಬಹುದು: ಇದರಿಂದ ನೆಲದಡಿಯ ಭಂಡಾರಕ್ಕೆ ಬೀಜ ಸೇರುವುದು ನಿಲ್ಲುತ್ತದೆಯೇ?

ಸೈಟುಗಳಲ್ಲಿ ಸಾಮಾನ್ಯವಾಗಿ ನಡೆಯುವ ಕೆಲಸ ಗಿಡ ಆಳೆತ್ತರ ಆದಮೇಲೆ, ಹೂವಿನಿಂದ ಬೆಳ್ಳಗಾದಮೇಲೆ, ಯಂತ್ರದಿಂದ ಕತ್ತರಿಸುವುದು. ಅಷ್ಟು ಹೊತ್ತಿಗೆ ಮೊದಲ ಕಂತಿನ ಬೀಜ ಉದುರಿ ಆಗಿರುತ್ತದೆ. ಬುಡ ಉಳಿದ ಗಿಡ ಪಕ್ಕದಿಂದ ಕವಲೊಡೆದು, ಮೊದಲಿಗಿಂತ ಕುಳ್ಳಾಗಿ, ಮತ್ತೆ ಹೂ ಬಿಡುತ್ತದೆ. ಕತ್ತರಿಸಿ ಅಲ್ಲೇ ಗುಡ್ಡೆ ಹಾಕಿದ ಗಿಡಗಳಿಂದಲೂ ಬೀಜ ಉದುರುತ್ತದೆ. ನೋಡುವವರಿಗೆ ಸೈಟು ಸ್ವಚ್ಛ, ಭಂಡಾರಕ್ಕೆ ಮಾತ್ರ ಜಮೆ.

ಸರಿಯಾದ ಹೊತ್ತು ರೋಸೆಟ್ ಅವಸ್ಥೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ ಬುಡ ಹಿಡಿದು ಎಳೆದರೆ ತಾಯಿಬೇರು ಪೂರ್ತಿ ಬರುತ್ತದೆ. ಕೈಗವಸು, ತುಂಬುತೋಳಿನ ಬಟ್ಟೆ, ಮೂಗಿಗೆ ಬಟ್ಟೆ ಬೇಕು. ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು. ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಹಾಕಿ ಗೊಬ್ಬರ ಮಾಡಬಹುದು. ಬೀಜವಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಗೊಬ್ಬರದ ಜೊತೆ ಬೀಜವೂ ತೋಟಕ್ಕೆ ಹೋಗುತ್ತದೆ. ಕಿತ್ತ ಮೂರು ನಾಲ್ಕು ವಾರಕ್ಕೆ ಭಂಡಾರದಿಂದ ಹೊಸ ಸಸಿಗಳು ಏಳುತ್ತವೆ, ಅವನ್ನೂ ಹೂವಿಗೆ ಮುಂಚೆ ಕೀಳಬೇಕು. ಒಂದು ಮಳೆಗಾಲದಲ್ಲಿ ಹೀಗೆ ಹಲವು ಸುತ್ತು. ಗ್ಲೈಫೊಸೇಟ್, 2,4-ಡಿ ಮುಂತಾದ ಕಳೆನಾಶಕಗಳೂ ಎಳೆಯ ಗಿಡದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ಮಣ್ಣಿನೊಳಗಿನ ಬೀಜವನ್ನು ಅವು ಮುಟ್ಟುವುದಿಲ್ಲ. ಮನೆಗಳ ನಡುವೆ, ಕಾಲುವೆ ಪಕ್ಕ ಸಿಂಪಡಿಸುವುದು ಬೇರೆ ಅಪಾಯಗಳನ್ನು ತರುತ್ತದೆ.

ಗಿಡದ ತವರಿನಿಂದಲೇ ಅದರ ಶತ್ರುವನ್ನು ತಂದದ್ದು ಇನ್ನೊಂದು ದಾರಿ. ಜೈಗೊಗ್ರಾಮ ಬೈಕಲರೇಟ ಎಂಬ ಮೆಕ್ಸಿಕನ್ ದುಂಬಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ತರಿಸಿ, ಬೇರೆ ಬೆಳೆಗಳನ್ನು ತಿನ್ನುವುದಿಲ್ಲವೆಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. ಕೆ. ಪಿ. ಜಯಂತ್ ಈ ಕೆಲಸದ ಮುಂಚೂಣಿಯಲ್ಲಿದ್ದ ವಿಜ್ಞಾನಿ. ಮಾಸಲು ಬಿಳಿಯ ರೆಕ್ಕೆಗಳ ಮೇಲೆ ಕಂದು ಗೆರೆಗಳಿರುವ, ಗುಲಗಂಜಿ ಗಾತ್ರದ ಈ ದುಂಬಿಯನ್ನು ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಗಳನ್ನು ತಿರುವಿ ನೋಡಿದರೆ ಕಾಣಬಹುದು. ಅದು ಎಲೆಯಡಿಯಲ್ಲಿ ಮೊಟ್ಟೆ ಇಡುತ್ತದೆ; ಮರಿಹುಳುಗಳು ಎಳೆಯ ಚಿಗುರನ್ನೂ ಮೊಗ್ಗಿನ ಮೂಲವನ್ನೂ ತಿನ್ನುತ್ತವೆ. ಹೀಗೆ ಗಿಡ ಬದುಕಿದ್ದರೂ ಹೂವಿನ ಹಂತ ಮುಟ್ಟುವುದು ತಪ್ಪುತ್ತದೆ. 1990ರ ದಶಕದ ಆರಂಭದಲ್ಲಿ ದುಂಬಿ ಸೂರ್ಯಕಾಂತಿ ಎಲೆಗಳನ್ನೂ ತಿನ್ನುತ್ತಿದೆ ಎಂಬ ಗದ್ದಲ ಎದ್ದಿತು. ಸೂರ್ಯಕಾಂತಿ ಎಲೆಯ ಮೇಲೆ ಪಾರ್ಥೇನಿಯಂ ಪರಾಗ ಬಿದ್ದಾಗ ಮಾತ್ರ ಅದು ಅಲ್ಲಿ ಬಾಯಿ ಹಾಕುತ್ತದೆ ಎಂದು ಪರೀಕ್ಷೆಗಳು ತೋರಿಸಿದವು. ದುಂಬಿಯ ಮಿತಿ ಬೇರೆಯದು: ಮಳೆ ಮುಗಿದ ಮೇಲೆ ಅದು ಮಣ್ಣಿನೊಳಗೆ ಸೇರಿ ಮುಂದಿನ ಮುಂಗಾರಿನವರೆಗೆ ನಿದ್ದೆ ಹೋಗುತ್ತದೆ. ಹಿಂಗಾರಿನ ಕೊನೆಗೆ ಹುಟ್ಟಿದ ಗಿಡಗಳು ಅದರ ಕಾಟವಿಲ್ಲದೆ ಬೀಜವಾಗುತ್ತವೆ.

ಖಾಲಿ ನೆಲವನ್ನೇ ಇಲ್ಲವಾಗಿಸುವುದು ಮೂರನೆಯ ದಾರಿ. ಕರ್ನಾಟಕದಲ್ಲಿ ತಗಚೆ ಮತ್ತು ಅದೇ ಜಾತಿಯ ಕ್ಯಾಸಿಯ ಸೆರಿಸಿಯ ಗಿಡಗಳು ಪಾರ್ಥೇನಿಯಂ ಇದ್ದ ಜಾಗವನ್ನು ಕ್ರಮೇಣ ಆಕ್ರಮಿಸುವುದನ್ನು ಕೃಷಿ ವಿಜ್ಞಾನಿಗಳು ಗಮನಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ. ಮಹದೇವಪ್ಪ ಈ ವಿಧಾನವನ್ನು ಬಹಳವಾಗಿ ಪ್ರಚುರಪಡಿಸಿದರು. ಮುಂಗಾರಿಗೆ ಮುಂಚೆ ತಗಚೆ ಬೀಜ ಎರಚಿದರೆ ಅದರ ದಟ್ಟ ನೆರಳು ಪಾರ್ಥೇನಿಯಂ ಸಸಿಗಳನ್ನು ಎರಡನೇ ಅವಸ್ಥೆಯಲ್ಲೇ ತಡೆಯುತ್ತದೆ. ಗರಿಕೆ ದಟ್ಟವಾಗಿ ಹಬ್ಬಿದ ನೆಲದಲ್ಲೂ ಹಾಗೆಯೇ.

ಕೆಲಸ ಗೆದ್ದಿತೋ ಇಲ್ಲವೋ ಎಂಬುದನ್ನು ತಿಳಿಯಲು ಎತ್ತರದ ಗಿಡಗಳನ್ನು ಎಣಿಸಿ ಪ್ರಯೋಜನವಿಲ್ಲ. ಸೈಟಿನ ಒಂದು ಮೂಲೆಯಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಗುರುತಿಸಿ, ವರ್ಷದ ಮೊದಲ ಹದಮಳೆಯಾದ ಎರಡು ವಾರಕ್ಕೆ ಅದರೊಳಗಿನ ಸಸಿಗಳನ್ನು ಎಣಿಸಿಡಬೇಕು. ಮುಂದಿನ ವರ್ಷ ಅದೇ ಹೊತ್ತಿಗೆ, ಅದೇ ಚೌಕದಲ್ಲಿ ಮತ್ತೆ ಎಣಿಸಬೇಕು. ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ನೆಲದಡಿಯ ಭಂಡಾರ ಕರಗುತ್ತಿದೆ ಎಂದರ್ಥ. ಇಳಿಯದಿದ್ದರೆ, ಎಲ್ಲೋ ಒಂದು ಗಿಡ ಕಣ್ತಪ್ಪಿಸಿ ಹೂವಾಗಿದೆ, ಇಲ್ಲವೇ ಬೇರೆ ಕಡೆಯ ಮಣ್ಣು ಬಂದು ಬಿದ್ದಿದೆ.